ಮೂವತ್ತೈದರಲ್ಲಿ ನಾಲ್ಕು ಚಿನ್ನ

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಜಗತ್ತಿನಲ್ಲಿ ಯಾರು ತೀರಿಕೊಂಡರೂ ಮೊದಲು ಕೈ ಹೋಗುವುದು ಪೆನ್ನಿಗೆ. 'ಪ್ರಚಲಿತ ವಿದ್ಯಮಾನ' ನೋಟ್‌ಬುಕ್ಕಿನಲ್ಲಿ 'ನಿಧನರಾದವರು' ಅಂತ ನಾನೂ ಒಂದು ಪುಟ ಇಟ್ಟಿದ್ದೇನೆ. ಹೆಸರು, ದೇಶ, ಕ್ಷೇತ್ರ, ವಯಸ್ಸು. ಒಬ್ಬರಿಗೆ ಒಂದೇ ಸಾಲು. ಒಂದು ಅಂಕದ ಪ್ರಶ್ನೆಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ.

2025ರ ಜನವರಿ ಮೊದಲ ವಾರ. ಧಾರವಾಡದ ಸಪ್ತಾಪುರದಲ್ಲಿ ನಾವು ಮೂವರು ಹುಡುಗಿಯರು ಹಂಚಿಕೊಂಡಿದ್ದ ಮಹಡಿ ಕೋಣೆಯಲ್ಲಿ ಕುಳಿತು ನಾನು ಹೀಗೆ ಬರೆದುಕೊಂಡೆ: 'ಆಗ್ನೆಸ್ ಕೆಲೆಟಿ. ಹಂಗೇರಿ. ಜಿಮ್ನಾಸ್ಟಿಕ್ಸ್. 103 ವರ್ಷ. 5 ಚಿನ್ನ ಸೇರಿ 10 ಒಲಿಂಪಿಕ್ ಪದಕ. ಅತಿ ಹಿರಿಯ ಒಲಿಂಪಿಕ್ ಚಾಂಪಿಯನ್ ಆಗಿದ್ದರು.'

ಮುಂದಿನ ಸಾಲಿಗೆ ಹೋಗಬೇಕಿತ್ತು. ಆದರೆ ಲೆಕ್ಕ ಹಾಕುವ ಚಟ ನೋಡಿ, ಹುಟ್ಟಿದ್ದು 1921, ಮೊದಲ ಒಲಿಂಪಿಕ್ ಪದಕ 1952 ಅಂತ ಓದಿದವಳು ಮನಸ್ಸಿನಲ್ಲೇ ಕಳೆದೆ. ಮೂವತ್ತೊಂದು.

ಆವತ್ತಿಗೆ ನನ್ನ ವಯಸ್ಸೂ ಮೂವತ್ತೊಂದು.

ನಾನು ಬಿ.ಪಿ.ಇಡಿ. ಮುಗಿಸಿದವಳು. ಕಾಲೇಜಿನಲ್ಲಿದ್ದಾಗ ಉದ್ದಜಿಗಿತದಲ್ಲಿ ವಿಶ್ವವಿದ್ಯಾಲಯ ಮಟ್ಟದವರೆಗೆ ಹೋಗಿದ್ದೆ. ದೈಹಿಕ ಶಿಕ್ಷಣ ಶಿಕ್ಷಕಿಯಾಗಬೇಕು ಅಂತ ಓದಲು ಕೂತು ವರ್ಷಗಳೇ ಆಗಿದ್ದವು. ಅರ್ಜಿ ಕರೆಯುವುದು ತಡ, ಪರೀಕ್ಷೆ ಮುಂದೂಡಿಕೆ, ಫಲಿತಾಂಶ ತಡ, ಆಮೇಲೆ ಕೋರ್ಟು. ಈ ಪುಟ ಓದುವ ಬಹಳಷ್ಟು ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿಗೆ ಹೋದರೆ ಜಾತ್ರೆಯಲ್ಲಿ ಸಿಕ್ಕ ದೊಡ್ಡಮ್ಮ 'ಇನ್ನೂ ಓದಾಕತ್ತೀಯೇನವಾ?' ಅಂತ ಕೇಳುತ್ತಾರೆ. ಕೇಳುವವರದು ಕಾಳಜಿಯೇ. ಆದರೆ ಆ 'ಇನ್ನೂ' ಅನ್ನುವ ಪದ ಮಾತ್ರ ರಾತ್ರಿಯವರೆಗೂ ಚುಚ್ಚುತ್ತಿರುತ್ತದೆ.

ಜಿಮ್ನಾಸ್ಟಿಕ್ಸ್ ಎಂದರೆ ಎಳೆಯ ದೇಹಗಳ ಆಟ ಎಂದು ನಮಗೆ ಪಾಠದಲ್ಲೇ ಹೇಳಿಕೊಟ್ಟಿದ್ದರು. ಅಂಥ ಆಟದಲ್ಲಿ ಮೂವತ್ತೊಂದಕ್ಕೆ ಮೊದಲ ಪದಕ ಹೇಗೆ? ಅದಕ್ಕೂ ಹಿಂದಿನ ವರ್ಷಗಳಲ್ಲಿ ಈಕೆ ಎಲ್ಲಿದ್ದರು? ಅವತ್ತಿನ ಓದು ಪಕ್ಕಕ್ಕಿಟ್ಟು ಹುಡುಕತೊಡಗಿದೆ.

ಹದಿನಾರಕ್ಕೆ ಚಾಂಪಿಯನ್, ಇಪ್ಪತ್ತಕ್ಕೆ ಹೊರಗೆ

1921ರ ಜನವರಿ 9ರಂದು ಬುಡಾಪೆಸ್ಟ್‌ನ ಯಹೂದಿ ಕುಟುಂಬವೊಂದರಲ್ಲಿ ಆಗ್ನೆಸ್ ಹುಟ್ಟಿದರು. ಮನೆತನದ ಹೆಸರು ಕ್ಲೈನ್. ಹಂಗೇರಿಯ ಹೆಸರಿನಂತೆ ಕೇಳುವ 'ಕೆಲೆಟಿ' ಆಮೇಲೆ ಇಟ್ಟುಕೊಂಡದ್ದು. ಚಿಕ್ಕಂದಿನಲ್ಲೇ ನಗರದ ಯಹೂದಿ ಕ್ರೀಡಾ ಕ್ಲಬ್ಬೊಂದರಲ್ಲಿ ಜಿಮ್ನಾಸ್ಟಿಕ್ಸ್ ಕಲಿಯಲು ಶುರುಮಾಡಿದರು. ಚೆಲ್ಲೊ ವಾದ್ಯವನ್ನೂ ಚೆನ್ನಾಗಿ ನುಡಿಸುತ್ತಿದ್ದರು. ಹದಿನಾರನೇ ವಯಸ್ಸಿಗೆಲ್ಲ ರಾಷ್ಟ್ರೀಯ ಚಾಂಪಿಯನ್.

ಲೆಕ್ಕದ ಪ್ರಕಾರ ಆಕೆಯ ಒಲಿಂಪಿಕ್ಸ್ 1940ರದ್ದು. ಆಗ ವಯಸ್ಸು 19. ಆ ಕೂಟ ಮೊದಲು ಟೋಕಿಯೊಗೆ ನಿಗದಿಯಾಗಿತ್ತು, ಆಮೇಲೆ ಹೆಲ್ಸಿಂಕಿಗೆ ಹೋಯಿತು, ಕೊನೆಗೆ ಎರಡನೇ ಮಹಾಯುದ್ಧದಿಂದಾಗಿ ರದ್ದಾಯಿತು. ಮುಂದಿನದು 1944, ಲಂಡನ್. ಅದೂ ರದ್ದು. ಕ್ರೀಡಾಪಟುವೊಬ್ಬರ 19ನೇ ವಯಸ್ಸೂ 23ನೇ ವಯಸ್ಸೂ ಹೀಗೆ ಹೋದವು.

ಯುದ್ಧ ಎಲ್ಲರ ಒಲಿಂಪಿಕ್ಸನ್ನೂ ಕಸಿದುಕೊಂಡಿತು. ಆಗ್ನೆಸ್‌ರಿಂದ ಕಸಿದದ್ದು ಅಷ್ಟಕ್ಕೇ ನಿಲ್ಲಲಿಲ್ಲ. ಜರ್ಮನಿಯ ಜತೆ ಸೇರಿದ್ದ ಹಂಗೇರಿ ಸರ್ಕಾರ 1938ರಿಂದಲೇ ಯಹೂದಿಗಳ ವಿರುದ್ಧ ಒಂದರ ಹಿಂದೊಂದು ಕಾನೂನು ತರುತ್ತಿತ್ತು. ಯಾವ ಉದ್ಯೋಗದಲ್ಲಿ ಎಷ್ಟು ಜನ ಯಹೂದಿಗಳಿರಬಹುದು ಎನ್ನುವುದಕ್ಕೆ ಮಿತಿ ಹಾಕಿತು. ಯಹೂದಿಗಳಲ್ಲದವರನ್ನು ಮದುವೆಯಾಗುವುದನ್ನೂ ನಿಷೇಧಿಸಿತು. 1941ರಲ್ಲಿ ಆಗ್ನೆಸ್‌ರನ್ನು ಅವರ ಕ್ಲಬ್ಬಿನಿಂದ ಹೊರಹಾಕಿದರು. ಪ್ರದರ್ಶನ ಕುಸಿದಿರಲಿಲ್ಲ, ಶಿಸ್ತು ಮುರಿದಿರಲಿಲ್ಲ. ಯಹೂದಿ ಎನ್ನುವುದೊಂದೇ ಕಾರಣ. ಆಗ ಅವರಿಗೆ ಇಪ್ಪತ್ತು.

ಯೋಚಿಸಿ, ಜಿಮ್ನಾಸ್ಟ್‌ಗೆ ಕ್ಲಬ್ ಇಲ್ಲವೆಂದರೆ ಬಾರ್ ಇಲ್ಲ, ಬೀಮ್ ಇಲ್ಲ, ಮ್ಯಾಟ್ ಇಲ್ಲ, ತರಬೇತುದಾರರಿಲ್ಲ. ಓಟಗಾರ್ತಿಗಾದರೂ ರಸ್ತೆ ಇರುತ್ತದೆ.

ಬೇರೊಬ್ಬಳ ಹೆಸರಿನಲ್ಲಿ

1944ರ ಮಾರ್ಚ್ 19ರಂದು ಜರ್ಮನ್ ಸೇನೆ ಹಂಗೇರಿಯೊಳಗೆ ಬಂತು. ಮುಂದಿನ ತಿಂಗಳಿಂದ ಯಹೂದಿಗಳು ಬಟ್ಟೆಯ ಮೇಲೆ ಹಳದಿ ನಕ್ಷತ್ರ ಹೊಲಿದುಕೊಳ್ಳಬೇಕಾಯಿತು. ಮೇ ಮಧ್ಯದಿಂದ ಜುಲೈ 9ರವರೆಗೆ, ಎರಡು ತಿಂಗಳೂ ತುಂಬದ ಅವಧಿಯಲ್ಲಿ, ಹಂಗೇರಿಯ ಪಟ್ಟಣ ಹಳ್ಳಿಗಳಿಂದ 4.3 ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲಿನ ಸರಕು ಬೋಗಿಗಳಲ್ಲಿ ತುಂಬಿ ಸಾಗಿಸಿದರು. ಹೆಚ್ಚಿನ ರೈಲುಗಳು ಹೋದದ್ದು ಪೋಲೆಂಡ್‌ನ ಆಶ್ವಿಟ್ಜ್‌ಗೆ. ಅಲ್ಲಿ ಇಳಿದವರಲ್ಲಿ ಬಹುಪಾಲು ಜನರನ್ನು ನೇರವಾಗಿ ಗ್ಯಾಸ್ ಚೇಂಬರ್‌ಗೆ ಕಳಿಸಿದರು.

ಆ ವರ್ಷ ಆಗ್ನೆಸ್ ಅವಸರದಲ್ಲಿ ಮದುವೆಯಾದರು. ಗಂಡ ಇಸ್ತ್ವಾನ್ ಶಾರ್ಕಾನಿ, ಅವರೂ ಜಿಮ್ನಾಸ್ಟ್. ಮದುವೆಯಾದ ಹೆಂಗಸರನ್ನು ಕೂಲಿ ಶಿಬಿರಕ್ಕೆ ಒಯ್ಯುವುದಿಲ್ಲ ಎಂಬ ಸುದ್ದಿ ಊರಲ್ಲಿ ಹಬ್ಬಿತ್ತು. ಅದು ಬರೀ ಗಾಳಿಮಾತು. ಆದರೆ ಜೀವ ಉಳಿಸಿಕೊಳ್ಳಲು ಗಾಳಿಮಾತಾದರೂ ಸರಿ ಎನ್ನುವ ಕಾಲ ಅದು.

ಆಮೇಲೆ ಕ್ರೈಸ್ತ ಯುವತಿಯೊಬ್ಬಳ ಗುರುತಿನ ಕಾಗದಗಳನ್ನು ಹಣ ಕೊಟ್ಟು ಪಡೆದರು. ಆ ಹೆಸರು ಹೊತ್ತು ಹಳ್ಳಿಯೊಂದಕ್ಕೆ ಹೋಗಿ ಮನೆಗೆಲಸಕ್ಕೆ ಸೇರಿಕೊಂಡರು. ರಾಷ್ಟ್ರೀಯ ಚಾಂಪಿಯನ್ ಆಗಿದ್ದವರು ಬೇರೊಬ್ಬಳ ಹೆಸರಿನಲ್ಲಿ ಕಂಡವರ ಮನೆಯ ಕೆಲಸದಾಳಾದರು. ಯಾರಾದರೂ ಹಿಂದಿನಿಂದ 'ಆಗ್ನೆಸ್' ಅಂತ ಕೂಗಿದರೆ ತಿರುಗಿ ನೋಡುವಂತಿಲ್ಲ. ಕೂಗಿದ್ದು ಕಾಗದದಲ್ಲಿದ್ದ ಹೆಸರಾದರೆ ತಡಮಾಡದೆ ತಿರುಗಬೇಕು. ಈ ಒಂದು ಅಭ್ಯಾಸಕ್ಕೆ ಎಷ್ಟು ದಿನ ಬೇಕಾಗಿರಬಹುದು ಎಂದು ನಾನು ಬಹಳ ಹೊತ್ತು ಯೋಚಿಸಿದೆ.

ಆ ವರ್ಷದ ಅಕ್ಟೋಬರ್‌ನಲ್ಲಿ ಹಂಗೇರಿಯ ಆ್ಯರೋ ಕ್ರಾಸ್ ಪಕ್ಷ ಅಧಿಕಾರ ಹಿಡಿಯಿತು. ಅದರ ಬಂದೂಕುಧಾರಿಗಳು ಬುಡಾಪೆಸ್ಟ್‌ನ ಯಹೂದಿಗಳನ್ನು ಡ್ಯಾನ್ಯೂಬ್ ನದಿಯ ದಡದಲ್ಲಿ ಸಾಲಾಗಿ ನಿಲ್ಲಿಸಿ ಗುಂಡಿಟ್ಟು ನೀರಿಗೆ ಬೀಳಿಸುತ್ತಿದ್ದರು. ಅದರ ನೆನಪಿಗೆ ಆ ದಡದಲ್ಲಿ ಇವತ್ತು ಕಬ್ಬಿಣದಲ್ಲಿ ಎರಕ ಹೊಯ್ದ ಅರವತ್ತು ಜೊತೆ ಶೂಗಳ ಸ್ಮಾರಕವಿದೆ. ಗಂಡಸರ ಶೂ, ಹೆಂಗಸರ ಶೂ, ಮಕ್ಕಳ ಶೂ.

ಡಿಸೆಂಬರ್ ಕೊನೆಗೆ ಸೋವಿಯತ್ ಸೇನೆ ಬುಡಾಪೆಸ್ಟ್‌ಗೆ ಮುತ್ತಿಗೆ ಹಾಕಿತು. 1945ರ ಫೆಬ್ರುವರಿ ಮಧ್ಯದವರೆಗೆ ನಗರದಲ್ಲಿ ಕಾಳಗ, ಹಸಿವು, ಚಳಿ. ಆ ಚಳಿಗಾಲದ ಬೆಳಗುಗಳಲ್ಲಿ ಆಗ್ನೆಸ್‌ರ ಕೆಲಸ, ಸತ್ತುಬಿದ್ದವರ ದೇಹಗಳನ್ನು ಒಟ್ಟುಮಾಡಿ ಸಾಮೂಹಿಕ ಗುಂಡಿಗೆ ಹಾಕುವುದು. ಅವರಿಗೆ ಇಪ್ಪತ್ನಾಲ್ಕು ತುಂಬಿದ್ದು ಆ ಮುತ್ತಿಗೆಯ ನಡುವೆ.

ಯುದ್ಧ ಮುಗಿದ ಮೇಲೆ ಕುಟುಂಬದ ಲೆಕ್ಕ ಸಿಕ್ಕಿತು. ಅಪ್ಪ ಮತ್ತು ಹಲವು ಬಂಧುಗಳು ಆಶ್ವಿಟ್ಜ್‌ನಲ್ಲಿ ಕೊಲೆಯಾಗಿದ್ದರು. ಅಮ್ಮ ಮತ್ತು ಸಹೋದರಿ ಬದುಕಿದ್ದರು. ಅವರಿಗೆ ನೆರವಾದದ್ದು ಸ್ವೀಡನ್‌ನ ರಾಯಭಾರ ಕಚೇರಿಯ ರಾವುಲ್ ವಾಲೆನ್‌ಬರ್ಗ್. 1944ರ ಜುಲೈನಲ್ಲಿ ಬುಡಾಪೆಸ್ಟ್‌ಗೆ ಬಂದಿದ್ದ ಈ ಯುವಕ ಸಾವಿರಾರು ಯಹೂದಿಗಳಿಗೆ ಸ್ವೀಡನ್ ಹೆಸರಿನ ರಕ್ಷಣಾ ಪತ್ರ ಕೊಟ್ಟು, ಸ್ವೀಡನ್ ಬಾವುಟ ಹಾರಿಸಿದ ಮನೆಗಳಲ್ಲಿ ಇಟ್ಟು ಉಳಿಸಿದರು. 1945ರ ಜನವರಿಯಲ್ಲಿ ಸೋವಿಯತ್ ಸೇನೆ ಅವರನ್ನು ಹಿಡಿದೊಯ್ದಿತು. ಅವರು ಮತ್ತೆ ಮನೆಗೆ ಬರಲಿಲ್ಲ.

ಛಲ ಇದ್ದವರೆಲ್ಲ ಉಳಿಯಲಿಲ್ಲ

ಇಷ್ಟು ಓದಿದ ರಾತ್ರಿ ನಾನು ಕೋಣೆಯ ಗೆಳತಿಯರಿಗೆ ಈ ಕಥೆ ಹೇಳಿದೆ. ಹೇಳಿದ್ದು ಹೇಗೆ ಗೊತ್ತೇ? ನಮ್ಮ ವಾಚನಾಲಯದ ಗೋಡೆಗೆ ಅಂಟಿಸಿರುವ ಸ್ಫೂರ್ತಿ ವಾಕ್ಯಗಳ ಧಾಟಿಯಲ್ಲೇ. 'ನೋಡ್ರೇ, ಛಲ ಇದ್ರ ಹಿಂಗಿರಬೇಕು. ಸಾವನ್ನೇ ಗೆದ್ದು ಬಂದಾಕಿ!'

ಮೂವರಲ್ಲಿ ಚಿಕ್ಕವಳು ಸುಮ್ಮನೆ ಕೇಳಿಸಿಕೊಂಡಳು. ಅವಳದು ಆ ವರ್ಷ ಎರಡನೇ ಬಾರಿ ಕೆಲವೇ ಅಂಕಗಳಲ್ಲಿ ತಪ್ಪಿಹೋಗಿತ್ತು. ಮನೆಯಲ್ಲಿ ಅಪ್ಪನಿಗೆ ಹುಷಾರಿರಲಿಲ್ಲ. ಬಾಡಿಗೆ ಕೊಡಲು ಆಗುತ್ತಿರಲಿಲ್ಲ. ಮುಂದಿನ ಭಾನುವಾರ ಟ್ರಂಕು ಕಟ್ಟಿಕೊಂಡು ಊರಿಗೆ ಹೊರಟೇಬಿಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ಅವಳು ಹೇಳಿದ ಮಾತು ಇದು: 'ಅಕ್ಕಾ, ನಿನ್ನ ಆ ಜಿಮ್ನಾಸ್ಟಿಕ್ಸ್ ಅಜ್ಜಿಯಂಥಾ ಛಲ ನನ್ನೊಳಗ ಇಲ್ಲ ಬಿಡು.'

ನಾನು ಏನೋ ಸಮಾಧಾನ ಹೇಳಿ ಕಳಿಸಿದೆ. ಆದರೆ ವಾಪಸ್ ಬರುವಾಗ ಸಿಟಿ ಬಸ್ಸಿನಲ್ಲಿ ಕುಳಿತವಳಿಗೆ ಒಂದು ಅನುಮಾನ ಕೊರೆಯತೊಡಗಿತು. ನಾನು ಹೇಳಿದ ಕಥೆ ನಿಜವೇ? ಛಲ ಇದ್ದದ್ದಕ್ಕೇ ಆಗ್ನೆಸ್ ಉಳಿದರೇ? ಹಾಗಾದರೆ ಉಳಿಯದವರಿಗೆ ಛಲ ಇರಲಿಲ್ಲವೇ?

ಮತ್ತೆ ಹುಡುಕಿದೆ. ಉತ್ತರ ಆಗ್ನೆಸ್‌ರ ಆಟದಲ್ಲೇ ಇತ್ತು.

ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ಜಿಮ್ನಾಸ್ಟಿಕ್ಸ್ ಸ್ಪರ್ಧೆ ಮೊದಲು ನಡೆದದ್ದು 1928ರ ಆ್ಯಮ್‌ಸ್ಟರ್‌ಡ್ಯಾಂನಲ್ಲಿ. ಅಲ್ಲಿ ತಂಡ ಸ್ಪರ್ಧೆ ಮಾತ್ರ ಇತ್ತು, ಚಿನ್ನ ಗೆದ್ದದ್ದು ಆತಿಥೇಯ ನೆದರ್‌ಲ್ಯಾಂಡ್ಸ್. ಆ ತಂಡದಲ್ಲಿ ಐವರು ಯಹೂದಿ ಯುವತಿಯರಿದ್ದರು: ಸ್ಟೆಲ್ಲಾ ಆಗ್‌ಸ್ಟೆರಿಬ್ಬೆ, ಲಿಯಾ ನಾರ್ಡ್‌ಹೈಮ್, ಅನ್ನಾ ಪೊಲಾಕ್, ಜುಡಿಕೆ ಸೈಮನ್ಸ್, ಎಲ್ಕಾ ಡಿ ಲೆವಿ. ಹದಿನೈದು ವರ್ಷಗಳ ನಂತರ, 1943ರಲ್ಲಿ, ಇವರಲ್ಲಿ ನಾಲ್ವರನ್ನು ನಾಜಿಗಳು ಆಶ್ವಿಟ್ಜ್ ಮತ್ತು ಸೊಬಿಬೋರ್ ಶಿಬಿರಗಳಲ್ಲಿ ಕೊಂದರು. ಅವರ ಮಕ್ಕಳನ್ನೂ ಕೊಂದರು. ತರಬೇತುದಾರ ಗೆರಿಟ್ ಕ್ಲೇರೆಕೂಪರ್‌ರನ್ನೂ ಬಿಡಲಿಲ್ಲ. ಐವರಲ್ಲಿ ಉಳಿದದ್ದು ಎಲ್ಕಾ ಡಿ ಲೆವಿ ಒಬ್ಬರೇ.

ಆ ನಾಲ್ವರಿಗೆ ಛಲ ಇರಲಿಲ್ಲವೇ? ಒಲಿಂಪಿಕ್ ಚಿನ್ನ ಗೆದ್ದ ಜಗತ್ತಿನ ಮೊದಲ ಮಹಿಳಾ ಜಿಮ್ನಾಸ್ಟ್‌ಗಳು ಅವರು.

ಹಂಗೇರಿಯಲ್ಲೇ ನೋಡಿ. ಕತ್ತಿವರಸೆಯ ಅಟಿಲಾ ಪೆಟ್ಶಾವರ್ 1928 ಮತ್ತು 1932ರ ಒಲಿಂಪಿಕ್ಸ್‌ಗಳಲ್ಲಿ ತಂಡದ ಚಿನ್ನ ಗೆದ್ದವರು. ಯಹೂದಿ ಎಂಬ ಕಾರಣಕ್ಕೆ ಅವರನ್ನು ಬಲವಂತದ ಕೂಲಿಗೆ ಎಳೆದೊಯ್ದರು. 1943ರಲ್ಲಿ ತೀರಿಕೊಂಡರು. 1928ರಲ್ಲಿ ಅವರ ಜತೆ ಅದೇ ಚಿನ್ನ ಗೆದ್ದ ಯಾನೋಶ್ ಗಾರೈ 1945ರಲ್ಲಿ ಮೌಟ್‌ಹೌಸೆನ್ ಶಿಬಿರದಲ್ಲಿ ಸತ್ತರು. ಗೆದ್ದ ಚಿನ್ನದ ಪದಕವೂ ಕಾಪಾಡಲಿಲ್ಲ.

ಆಗ ನನಗೆ ಅರ್ಥವಾಯಿತು. ಆಗ್ನೆಸ್ ಉಳಿದದ್ದಕ್ಕೆ ಒಂದಷ್ಟು ಕಾಗದ ಕಾರಣ, ಅವನ್ನು ಕೊಟ್ಟವರು ಕಾರಣ, ಗುರುತು ಹಿಡಿಯುವವರು ಯಾರೂ ಆ ಹಳ್ಳಿಗೆ ಬಾರದೇ ಹೋದದ್ದು ಕಾರಣ. ಅಮ್ಮ, ಸಹೋದರಿ ಉಳಿದದ್ದಕ್ಕೆ ಯಾವುದೋ ದೇಶದಿಂದ ಬಂದ ಒಬ್ಬ ಮನುಷ್ಯ ಕಾರಣ. ಅವರ ಧೈರ್ಯವನ್ನು ನಾನು ಕಡಿಮೆ ಮಾಡುತ್ತಿಲ್ಲ. ಸುಳ್ಳು ಹೆಸರಿನಲ್ಲಿ ದಿನ ದೂಡುವುದಕ್ಕೆ ಗುಂಡಿಗೆ ಬೇಕು. ಆದರೆ ಗುಂಡಿಗೆ ಇದ್ದ ಲಕ್ಷಾಂತರ ಜನ ಆ ರೈಲುಗಳಲ್ಲಿ ಹೋದರು. ಉಳಿದವರ ಕಥೆಯನ್ನು 'ಛಲದ ಗೆಲುವು' ಎಂದು ಹೇಳುವಾಗ, ನಮಗೆ ಗೊತ್ತಿಲ್ಲದಂತೆಯೇ ಸತ್ತವರನ್ನು ಸೋತವರು ಎಂದು ಕರೆದುಬಿಡುತ್ತೇವೆ.

ನಾನು ಆ ಚಿಕ್ಕ ಹುಡುಗಿಗೆ ಹೇಳಿ ಕಳಿಸಿದ್ದು ಅಂಥದೇ ಕಥೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡುತ್ತೇನೆ. ನಮ್ಮ ಪರೀಕ್ಷೆ, ಕೆಲಸ, ವಯೋಮಿತಿಗಳನ್ನು ಆ ಜನ ಅನುಭವಿಸಿದ್ದರ ಪಕ್ಕ ಇಡುವಂತಿಲ್ಲ. ಇಟ್ಟರೆ ಅದು ಅವಮಾನ. ನಾನು ಹೇಳುತ್ತಿರುವುದು ಕಥೆ ಹೇಳುವ ರೀತಿಯ ಬಗ್ಗೆ ಮಾತ್ರ.

ಮತ್ತೆ ಮ್ಯಾಟ್ ಮೇಲೆ

ಹಾಗಾದರೆ ಆಗ್ನೆಸ್‌ರಿಂದ ಕಲಿಯುವುದು ಏನೂ ಇಲ್ಲವೇ? ಇದೆ. ಬದುಕಿ ಉಳಿಯುವುದು ಅವರ ಕೈಯಲ್ಲಿರಲಿಲ್ಲ. ಉಳಿದ ಮೇಲೆ ಏನು ಮಾಡಿದರು ಎನ್ನುವುದು ಮಾತ್ರ ಪೂರ್ತಿ ಅವರದು.

ಯುದ್ಧ ನಿಂತಾಗ ಅವರಿಗೆ 24. ಅಪ್ಪ ಇಲ್ಲ, ನಗರದ ಸೇತುವೆಗಳೆಲ್ಲ ಮುರಿದುಬಿದ್ದಿವೆ, ತರಬೇತಿಯ ವರ್ಷಗಳು ಹೋಗಿವೆ. ಅವರು ಚೆಲ್ಲೊ ನುಡಿಸಿ ಸಂಪಾದನೆ ಮಾಡಿದರು, ಮತ್ತೆ ಜಿಮ್ನಾಸ್ಟಿಕ್ಸ್‌ಗೆ ಮರಳಿದರು. 1946ರಲ್ಲಿ ಮತ್ತೆ ರಾಷ್ಟ್ರೀಯ ಪ್ರಶಸ್ತಿ. 1948ರ ಲಂಡನ್ ಒಲಿಂಪಿಕ್ಸ್‌ಗೆ ತಂಡದಲ್ಲಿ ಹೆಸರು ಬಂತು. ಆಗ ವಯಸ್ಸು 27.

ಲಂಡನ್‌ನಲ್ಲಿ ಸ್ಪರ್ಧೆಗೆ ಮುಂಚೆ ಪಾದದ ಕೀಲಿನ ಅಸ್ಥಿರಜ್ಜು ಹರಿಯಿತು. ಸ್ಪರ್ಧಿಸಲು ಆಗಲಿಲ್ಲ. ತಂಡ ಬೆಳ್ಳಿ ಗೆದ್ದಿತು, ಅವರು ಹೊರಗೆ ಕುಳಿತು ನೋಡಿದರು.

ಉದ್ದಜಿಗಿತ ಮಾಡಿದವಳಾದ್ದರಿಂದ ಕಾಲಿನ ಆ ನೋವು ನನಗೆ ಗೊತ್ತು. ಪಾದದ ಕೀಲು ಹೋದರೆ ಮೊದಲು ಹೋಗುವುದು ನಂಬಿಕೆ. ನೆಲಕ್ಕೆ ಕಾಲೂರುವಾಗಲೆಲ್ಲ ದೇಹವೇ ಹಿಂಜರಿಯುತ್ತದೆ. ಮೂರು ಒಲಿಂಪಿಕ್ಸ್ ಹೀಗೆ ಹೋಗಿವೆ. ಎರಡು ಯುದ್ಧಕ್ಕೆ, ಒಂದು ಗಾಯಕ್ಕೆ. 'ಇನ್ನು ಸಾಕು' ಎಂದು ಅವರು ಬಿಟ್ಟಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ.

ಅವರು ಬಿಡಲಿಲ್ಲ. 1952ರ ಹೆಲ್ಸಿಂಕಿ. ವಯಸ್ಸು 31. ಕಸಿದು ಹೋಗಿದ್ದ 1940ರ ಕೂಟ ಕೊನೆಗೆ ನಡೆಯಬೇಕಿದ್ದದ್ದು ಇದೇ ಊರಿನಲ್ಲಿ. ಇಲ್ಲಿ ಫ್ಲೋರ್ ಎಕ್ಸರ್‌ಸೈಜ್‌ನಲ್ಲಿ ಚಿನ್ನ ಗೆದ್ದರು. ನೆಲದ ಮೇಲೆ ಜಿಗಿತ, ಉರುಳು, ನೃತ್ಯ ಎಲ್ಲವೂ ಸೇರುವ ವಿಭಾಗ ಅದು. ಜತೆಗೆ ತಂಡದಲ್ಲಿ ಒಂದು ಬೆಳ್ಳಿ, ಅನ್‌ಈವನ್ ಬಾರ್ಸ್‌ನಲ್ಲಿ ಒಂದು ಕಂಚು, ತಂಡದ ಇನ್ನೊಂದು ಸ್ಪರ್ಧೆಯಲ್ಲಿ ಮತ್ತೊಂದು ಕಂಚು. ಒಟ್ಟು ನಾಲ್ಕು ಪದಕ. ಎರಡು ವರ್ಷಗಳ ನಂತರ ರೋಮ್‌ನಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅನ್‌ಈವನ್ ಬಾರ್ಸ್‌ನ ಚಿನ್ನವೂ ಬಂತು.

ಮೆಲ್ಬರ್ನ್: ಮನೆಯಲ್ಲಿ ಟ್ಯಾಂಕು, ಕೈಯಲ್ಲಿ ಚಿನ್ನ

1956ರ ಒಲಿಂಪಿಕ್ಸ್ ನಡೆದದ್ದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, ನವೆಂಬರ್ 22ರಿಂದ ಡಿಸೆಂಬರ್ 8ರವರೆಗೆ. ಕೂಟ ಶುರುವಾಗುವ ಒಂದು ತಿಂಗಳ ಹಿಂದೆ, ಅಕ್ಟೋಬರ್ 23ರಂದು, ಬುಡಾಪೆಸ್ಟ್‌ನ ವಿದ್ಯಾರ್ಥಿಗಳು ಸೋವಿಯತ್ ಹಿಡಿತದ ವಿರುದ್ಧ ಬೀದಿಗಿಳಿದರು. ಅದು ದೊಡ್ಡ ಕ್ರಾಂತಿಯಾಯಿತು. ನವೆಂಬರ್ 4ರಂದು ಸೋವಿಯತ್ ಟ್ಯಾಂಕುಗಳು ನಗರಕ್ಕೆ ನುಗ್ಗಿ ಅದನ್ನು ಹೊಸಕಿಹಾಕಿದವು. ಹಂಗೇರಿಯ ಕ್ರೀಡಾಪಟುಗಳು ಸಾವಿರಾರು ಮೈಲಿ ದೂರದಲ್ಲಿ, ಊರಲ್ಲಿ ಯಾರು ಇದ್ದಾರೆ ಯಾರು ಇಲ್ಲ ಎನ್ನುವ ಚಿಂತೆಯಲ್ಲೇ ಕಣಕ್ಕಿಳಿದರು. ವಾಟರ್ ಪೋಲೊದಲ್ಲಿ ಹಂಗೇರಿ ಮತ್ತು ಸೋವಿಯತ್ ಆಟಗಾರರು ನೀರಿನಲ್ಲೇ ಹೊಡೆದಾಡಿಕೊಂಡು ರಕ್ತ ಸುರಿದದ್ದು ಇದೇ ಕೂಟದಲ್ಲಿ. ಆ ಪಂದ್ಯವನ್ನು ಹಂಗೇರಿ 4–0ಯಿಂದ ಗೆದ್ದಿತು.

ಆಗ್ನೆಸ್‌ಗೆ ಆಗ 35. ಎದುರಾಳಿ ಸೋವಿಯತ್ ಒಕ್ಕೂಟದ ಲಾರಿಸಾ ಲ್ಯಾಟಿನಿನಾ, ವಯಸ್ಸು 21. ಮುಂದೆ ಒಲಿಂಪಿಕ್ಸ್ ಇತಿಹಾಸದ ಮಹಾನ್ ಜಿಮ್ನಾಸ್ಟ್‌ಗಳಲ್ಲಿ ಒಬ್ಬರಾದವರು. ಎಲ್ಲ ವಿಭಾಗಗಳ ಅಂಕ ಸೇರಿಸುವ ಆಲ್‌ರೌಂಡ್ ಸ್ಪರ್ಧೆಯಲ್ಲಿ ಚಿನ್ನ ಲ್ಯಾಟಿನಿನಾಗೆ ಹೋಯಿತು, ಆಗ್ನೆಸ್‌ಗೆ ಬೆಳ್ಳಿ. ಆದರೆ ವಿಭಾಗವಾರು ನಾಲ್ಕು ಸ್ಪರ್ಧೆಗಳಲ್ಲಿ ವಾಲ್ಟ್ ಒಂದನ್ನು ಬಿಟ್ಟು ಮೂರನ್ನೂ ಆಗ್ನೆಸ್ ಗೆದ್ದರು. ಅನ್‌ಈವನ್ ಬಾರ್ಸ್ ಚಿನ್ನ. ಅಂಗೈಯಷ್ಟೇ ಅಗಲದ ಮರದ ದಿಮ್ಮಿಯ ಮೇಲೆ ಮಾಡುವ ಬ್ಯಾಲೆನ್ಸ್ ಬೀಮ್ ಚಿನ್ನ. ಫ್ಲೋರ್‌ನಲ್ಲಿ ಲ್ಯಾಟಿನಿನಾ ಜತೆ ಸಮ ಅಂಕ ಗಳಿಸಿ ಇಬ್ಬರಿಗೂ ಚಿನ್ನ. ತಂಡದ ಉಪಕರಣ ಸ್ಪರ್ಧೆಯಲ್ಲಿ ನಾಲ್ಕನೇ ಚಿನ್ನ. ತಂಡದಲ್ಲಿ ಇನ್ನೊಂದು ಬೆಳ್ಳಿ. ಒಟ್ಟು ಆರು ಪದಕ. ಆ ವಯಸ್ಸಿನಲ್ಲಿ ಒಲಿಂಪಿಕ್ ಚಿನ್ನ ಗೆದ್ದ ಇನ್ನೊಬ್ಬ ಮಹಿಳಾ ಜಿಮ್ನಾಸ್ಟ್ ಇಲ್ಲ.

ಗೆದ್ದು ಮನೆಗೆ ಹೋಗಲಿಲ್ಲ. ಹಂಗೇರಿ ತಂಡದ ಇನ್ನೂ ಹಲವರಂತೆ ಆಗ್ನೆಸ್ ಕೂಡ ಆಸ್ಟ್ರೇಲಿಯಾದಲ್ಲೇ ಆಶ್ರಯ ಕೇಳಿ ಉಳಿದರು. ಒಂದು ಬದುಕಿನಲ್ಲಿ ಎರಡನೇ ಬಾರಿ ಎಲ್ಲವನ್ನೂ ಬಿಟ್ಟು ಹೊಸದಾಗಿ ಶುರು.

ಪದಕದ ನಂತರ ಪಾಠ

ನನಗೆ ಬಹಳ ಇಷ್ಟವಾದ ಭಾಗ ಇದಾದ ಮೇಲಿನದು. ಪತ್ರಿಕೆಗಳಲ್ಲಿ ಇದಕ್ಕೆ ಎರಡು ಸಾಲು ಸಿಕ್ಕಿದರೆ ಹೆಚ್ಚು.

1957ರಲ್ಲಿ ಆಗ್ನೆಸ್ ಇಸ್ರೇಲ್‌ಗೆ ಹೋದರು. ಅಲ್ಲಿ ಅವರು ಮಾಡಿದ ಕೆಲಸ ದೈಹಿಕ ಶಿಕ್ಷಣ ಬೋಧನೆ. ಹೌದು, ನಾನು ಯಾವ ಹುದ್ದೆಗಾಗಿ ಓದುತ್ತಿದ್ದೇನೋ ಅದೇ. ಅಲ್ಲಿನ ವಿಂಗೇಟ್ ಕ್ರೀಡಾ ಸಂಸ್ಥೆಯಲ್ಲಿ ದಶಕಗಳ ಕಾಲ ಕಲಿಸಿದರು, ರಾಷ್ಟ್ರೀಯ ತಂಡವನ್ನು ತರಬೇತುಗೊಳಿಸಿದರು. 1959ರಲ್ಲಿ ಹಂಗೇರಿ ಮೂಲದ ದೈಹಿಕ ಶಿಕ್ಷಣ ಶಿಕ್ಷಕ ರಾಬರ್ಟ್ ಬೀರೊ ಅವರನ್ನು ಮದುವೆಯಾದರು. ಇಬ್ಬರು ಗಂಡುಮಕ್ಕಳು ಹುಟ್ಟಿದರು.

ಆ ದೇಶದಲ್ಲಿ ಜಿಮ್ನಾಸ್ಟಿಕ್ಸ್ ಆಗಿನ್ನೂ ಬೇರು ಬಿಡಬೇಕಿತ್ತು. ಫಲ ಕಾಣಲು ಬಹಳ ಕಾಲ ಬೇಕಾಯಿತು. ಇಸ್ರೇಲ್‌ನ ಮೊದಲ ಜಿಮ್ನಾಸ್ಟಿಕ್ಸ್ ಒಲಿಂಪಿಕ್ ಚಿನ್ನ ಬಂದದ್ದು 2021ರಲ್ಲಿ ನಡೆದ ಟೋಕಿಯೊ ಕೂಟದಲ್ಲಿ, ಆರ್ಟೆಮ್ ಡಾಲ್ಗೊಪ್ಯಾಟ್ ಎಂಬ ಯುವಕನಿಂದ, ಪುರುಷರ ಫ್ಲೋರ್‌ನಲ್ಲಿ. ಆಗ್ನೆಸ್ ಮೊದಲ ಚಿನ್ನ ಗೆದ್ದದ್ದೂ ಫ್ಲೋರ್‌ನಲ್ಲೇ. ಅದನ್ನು ಕೇಳಲು ಅವರು ಬದುಕಿದ್ದರು, ಆಗ ನೂರು ದಾಟಿತ್ತು.

1983ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆಂದು ಅವರು ಮತ್ತೆ ಬುಡಾಪೆಸ್ಟ್‌ಗೆ ಕಾಲಿಟ್ಟರು. 2015ರಲ್ಲಿ ಅಲ್ಲಿಗೇ ಮರಳಿ ನೆಲೆಸಿದರು. 2017ರಲ್ಲಿ ಇಸ್ರೇಲ್ ತನ್ನ ಅತ್ಯುನ್ನತ ಗೌರವವಾದ 'ಇಸ್ರೇಲ್ ಪ್ರಶಸ್ತಿ' ನೀಡಿತು. ತೊಂಬತ್ತು ದಾಟಿದ ಮೇಲೂ ನೆಲದ ಮೇಲೆ ಎರಡೂ ಕಾಲು ಪೂರ್ತಿ ಚಾಚಿ ಕೂರುತ್ತಿದ್ದರು, ನಗುತ್ತಿದ್ದರು. ಅವರ ವಿಡಿಯೊಗಳನ್ನು ನೋಡಿದರೆ ನಮ್ಮ ಸೊಂಟ ನೋವಿನ ಬಗ್ಗೆ ನಮಗೇ ನಾಚಿಕೆಯಾಗುತ್ತದೆ. 2025ರ ಜನವರಿ 2ರಂದು ಬುಡಾಪೆಸ್ಟ್‌ನಲ್ಲೇ ತೀರಿಕೊಂಡರು. ಇನ್ನೊಂದು ವಾರ ಕಳೆದಿದ್ದರೆ 104 ತುಂಬುತ್ತಿತ್ತು.

ಇಷ್ಟೆಲ್ಲ ಓದಿಯೂ ನನಗೆ ಅನ್ನಿಸುವುದು ಒಂದೇ. ಕಳೆದ ವರ್ಷಗಳನ್ನು ಯಾರೂ ಅವರಿಗೆ ವಾಪಸ್ ಕೊಡಲಿಲ್ಲ. 19ರ ಆಗ್ನೆಸ್ ಏನು ಮಾಡುತ್ತಿದ್ದಳು, 23ರ ಆಗ್ನೆಸ್ ಎಷ್ಟು ಪದಕ ಗೆಲ್ಲುತ್ತಿದ್ದಳು ಎನ್ನುವುದು ಯಾರಿಗೂ ಗೊತ್ತಾಗುವುದಿಲ್ಲ. ಮೆಲ್ಬರ್ನ್‌ನ ನಾಲ್ಕು ಚಿನ್ನ ಆ ನಷ್ಟವನ್ನು ತುಂಬಲಿಲ್ಲ, ಅಪ್ಪನನ್ನು ಮರಳಿ ತರಲಿಲ್ಲ. ನಷ್ಟ ನಷ್ಟವಾಗಿಯೇ ಉಳಿಯಿತು. ಅದರ ಪಕ್ಕದಲ್ಲೇ ಇನ್ನೊಂದು ಬದುಕೂ ಬೆಳೆಯಿತು. ಹೋದ ವರ್ಷಗಳನ್ನು ಲೆಕ್ಕ ಹಾಕುತ್ತ ಕೂತಿದ್ದರೆ 31ಕ್ಕೆ ಫ್ಲೋರ್ ಮೇಲೆ ನಿಲ್ಲುವ ಧೈರ್ಯ ಬರುತ್ತಿತ್ತೇ ಎಂದು ನನಗೆ ಅನುಮಾನ.

ಒಂದು ಫೋನ್ ಕರೆ

ಕೆಲವು ದಿನ ತಡೆದು ನಾನು ಊರಿಗೆ ಹೋದ ಆ ಹುಡುಗಿಗೆ ಫೋನ್ ಮಾಡಿದೆ. ಅಪ್ಪನ ಆರೋಗ್ಯ ವಿಚಾರಿಸಿದೆ. ಪರವಾಗಿಲ್ಲ ಅಂದಳು. ಬೆಳಿಗ್ಗೆ ಮನೆಗೆಲಸ, ಸಂಜೆ ಓಣಿಯ ಹುಡುಗರಿಗೆ ಗಣಿತ ಹೇಳಿಕೊಡುತ್ತಿದ್ದಾಳಂತೆ.

'ನಾನು ಅವತ್ತು ಹೇಳಿದ್ದು ತಪ್ಪು ಕಥೆ' ಅಂದೆ. ಡಚ್ ತಂಡದ ಐವರು ಹುಡುಗಿಯರ ಬಗ್ಗೆ ಹೇಳಿದೆ. ಚಿನ್ನ ಗೆದ್ದ ನಾಲ್ವರು ಹೇಗೆ ಹೋದರು ಅಂತ ಹೇಳಿದೆ. ಉಳಿದವರೆಲ್ಲ ಗಟ್ಟಿಗರು, ಹೋದವರೆಲ್ಲ ದುರ್ಬಲರು ಅಂತೇನಿಲ್ಲ ಅಂದೆ. 'ನೀನು ಹೋಗಿದ್ದು ಛಲ ಕಮ್ಮಿಯಾಗಿ ಅಲ್ಲ. ರೊಕ್ಕ ಇರಲಿಲ್ಲ, ಅಪ್ಪಗ ಆರಾಮ ಇರಲಿಲ್ಲ. ಅಷ್ಟ.'

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದಳು, 'ಆ ಅಜ್ಜಿ ಆಮ್ಯಾಲ ಏನ್ ಮಾಡಿದ್ಲಕ್ಕಾ? ಪದಕ ಗೆದ್ದ ಮ್ಯಾಲೆ?'

'ಮಾಸ್ತರಿಕಿ' ಅಂದೆ. 'ನೂರಾರು ಹುಡುಗರಿಗೆ ಆಟ ಕಲಿಸಿದಳು.'

'ಅಂದ್ರ ನಾ ಈಗ ಮಾಡಾಕತ್ತಿದ್ದು' ಅಂದು ನಕ್ಕಳು. ಅವಳು ನಕ್ಕದ್ದು ಕೇಳಿ ಎಷ್ಟೋ ದಿನಗಳಾಗಿದ್ದವು. ಮುಂದಿನ ಅರ್ಜಿ ಯಾವಾಗ ಕರೆಯುತ್ತಾರೆ ಅಂತಲೂ ಕೇಳಿದಳು. ಊರಲ್ಲೇ ಇದ್ದು ಓದುತ್ತಾಳಂತೆ, ನಾನು ನೋಟ್ಸ್ ಫೋಟೊ ತೆಗೆದು ಕಳಿಸಬೇಕಂತೆ. ಕಳಿಸುತ್ತಿದ್ದೇನೆ.

ಅವಳಿಗೆ ಕೆಲಸ ಸಿಗುತ್ತದೆಯೋ, ನನಗೆ ಸಿಗುತ್ತದೆಯೋ, ಹೇಳಲು ನಾನು ಯಾರು? ನನ್ನ ನೋಟ್‌ಬುಕ್ಕಿನಲ್ಲಿ 'ನಿಧನರಾದವರು' ಪುಟದಲ್ಲಿ ಆಗ್ನೆಸ್ ಕೆಲೆಟಿಯ ಆ ಒಂದು ಸಾಲು ಈಗಲೂ ಇದೆ. ಅದರ ಕೆಳಗೆ ಜಾಗ ಮಾಡಿಕೊಂಡು ಇನ್ನೂ ಐದು ಹೆಸರು ಬರೆದಿದ್ದೇನೆ. ಸ್ಟೆಲ್ಲಾ, ಲಿಯಾ, ಅನ್ನಾ, ಜುಡಿಕೆ, ಎಲ್ಕಾ. ಪರೀಕ್ಷೆಯಲ್ಲಿ ಯಾರೂ ಕೇಳಲಿಕ್ಕಿಲ್ಲ. ಆದರೂ ಬರೆದಿದ್ದೇನೆ.